‘ಅತ್ತಿಗೆ ರೂಮಿಗೆ ಹೋದರು’: ಓದಿ ಪತ್ತೆ ಹಚ್ಚುವ ಆಟಗಳು ಮತ್ತು ನಮ್ಮ ಕನ್ನಡ

ಇವತ್ತಿನ ಸಂಚಿಕೆಗೆ ಕಿವಿ ಒಂದೇ ಸಾಲದು, ಕಣ್ಣೂ ಬೇಕು. ಮೊದಲಿಗೆ ಒಂದು ಚೀಟಿ ಓದ್ತೀನಿ. ಮೆಟ್ರೋದಲ್ಲಿ ನಿಂತುಕೊಂಡು ಕೇಳ್ತಾ ಇದ್ರೆ ಒಂದು ನಿಮಿಷ ಫೋನ್ ಜೇಬಿಂದ ತೆಗೆದು ಇಲ್ಲಿ ನೋಡಿ.

“ಸರ ತಗೊಂಡಿದ್ದು ನಾನಲ್ಲ. ರಾತ್ರಿ ಹನ್ನೊಂದು ಗಂಟೆಗೆ ಅತ್ತಿಗೆ ರೂಮಿಗೆ ಹೋದರು. ಐದು ನಿಮಿಷಕ್ಕೆ ಆಚೆ ಬಂದರು. ಲೈಟ್ ಹಾಕಲಿಲ್ಲ. ನಾನು ನೋಡಿದ್ದು ಇಷ್ಟೇ.”

ಚೀಟಿಗೆ ಸಹಿ ಇಲ್ಲ. ರಾಜಾಜಿನಗರದ ಒಂದು ಹಳೇ ಮನೆ. ಹಬ್ಬದ ಬೆಳಿಗ್ಗೆ ಅಜ್ಜಿಯ ಅವಲಕ್ಕಿ ಸರ ಬೀರುವಿನಲ್ಲಿ ಇಲ್ಲ. ಮನೇಲಿ ಇರೋರು ಅಜ್ಜಿ, ಅಜ್ಜಿಯ ಮಗ ಅಂದ್ರೆ ಮನೆ ಯಜಮಾನರು, ಅವರ ಮೂವರು ಮಕ್ಕಳು. ಎಲ್ಲರಿಗಿಂತ ದೊಡ್ಡವಳು ಮಗಳು, ಮದುವೆಯಾಗಿ ಹೋದವಳು ಹಬ್ಬಕ್ಕೆ ಬಂದಿದ್ದಾಳೆ. ಆಮೇಲೆ ದೊಡ್ಡ ಮಗ, ಅವನ ಹೆಂಡತಿ. ಕೊನೆಯವನು ಕಾಲೇಜು ಓದೋ ಚಿಕ್ಕ ಮಗ. ಮಹಡಿ ಮೇಲೆ ಹುಬ್ಬಳ್ಳಿ ಕಡೆಯ ಬಾಡಿಗೆದಾರರು ಒಬ್ಬರು. ಸರ ಇದ್ದದ್ದು ದೊಡ್ಡ ಮಗ-ಸೊಸೆಯ ಕೋಣೆಯ ಬೀರುವಿನಲ್ಲಿ.

ಇದು ನಡೆದ ಘಟನೆ ಅಲ್ಲ, ನಾನೇ ಕಟ್ಟಿದ ಕೇಸು. ಚೀಟಿ ಬರೆದದ್ದು ಯಾರು, ಸರ ತೆಗೆದದ್ದು ಯಾರು ಅಂತ ನಿಮ್ಮ ಮನಸ್ಸಲ್ಲಿ ಒಂದು ಹೆಸರು ಇಟ್ಕೊಳ್ಳಿ. ಉತ್ತರಕ್ಕೆ ಆಮೇಲೆ ಬರ್ತೀನಿ. ಅದಕ್ಕೂ ಮೊದಲು ಇಂಥ ಆಟಗಳು ಏನು, ಎಲ್ಲಿಂದ ಬಂದವು ಅಂತ ನೋಡೋಣ.

ಗೇಮ್ ಅಂದ ತಕ್ಷಣ ನಮಗೆ ಗನ್ನು, ಕಾರು, ಹೆಬ್ಬೆರಳು ನೋಯೋ ತನಕ ಒತ್ತೋದು ನೆನಪಾಗುತ್ತೆ. ಈ ಜಾತಿಯ ಆಟದಲ್ಲಿ ಬಹುಪಾಲು ಕೆಲಸ ಓದೋದು. ಪತ್ರ, ಪೊಲೀಸ್ ಹೇಳಿಕೆ, ಚಾಟ್, ಬಿಲ್ಲು, ಹಳೇ ಪೇಪರ್ ತುಣುಕು. ಓದಿ, ಎರಡು ಕಡೆಯ ಮಾತನ್ನು ಪಕ್ಕಪಕ್ಕ ಇಟ್ಟು, ಎಲ್ಲಿ ಹೊಂದಲ್ಲ ಅಂತ ಹುಡುಕಬೇಕು. 2015ರಲ್ಲಿ ಸ್ಯಾಮ್ ಬಾರ್ಲೋ ಮಾಡಿದ ‘ಹರ್ ಸ್ಟೋರಿ’ ಇದಕ್ಕೆ ಒಳ್ಳೇ ಉದಾಹರಣೆ. ಒಬ್ಬ ಮಹಿಳೆಯನ್ನು ಪೊಲೀಸರು 1994ರಲ್ಲಿ ಏಳು ಸಲ ವಿಚಾರಣೆ ಮಾಡಿರ್ತಾರೆ. ಆ ವಿಡಿಯೋ 271 ತುಂಡುಗಳಾಗಿ ಒಂದು ಹಳೇ ಕಂಪ್ಯೂಟರಿನಲ್ಲಿದೆ. ನೀವು ಒಂದು ಪದ ಹಾಕಿ ಹುಡುಕಬೇಕು. ಆ ಪದ ಆಕೆಯ ಬಾಯಲ್ಲಿ ಬಂದಿರೋ ತುಂಡುಗಳು ಸಿಗುತ್ತವೆ, ಆದ್ರೆ ಮೊದಲ ಐದು ಮಾತ್ರ. ಆರನೆಯದು ಬೇಕಾದ್ರೆ ಇನ್ನೂ ಸೂಕ್ಷ್ಮವಾದ ಪದ ಹುಡುಕಬೇಕು. ಓಡೋದಿಲ್ಲ, ಹಾರೋದಿಲ್ಲ, ಯಾವ ಪದ ಕೇಳಬೇಕು ಅಂತ ಹೊಳೆಯೋದೇ ಆಟ.

ಇದರ ಬೇರು ಕಂಪ್ಯೂಟರಿಗಿಂತ ಹಳೆಯದು. ಎಲರಿ ಕ್ವೀನ್ ಹೆಸರಿನಲ್ಲಿ 1929ರಲ್ಲಿ ಬಂದ ಮೊದಲ ಕಾದಂಬರಿಯಲ್ಲೇ ಕಥೆ ಮುಗಿಯೋ ಮುಂಚೆ ಲೇಖಕ ಅಡ್ಡ ನಿಂತು, ಸುಳಿವೆಲ್ಲ ನಿಮ್ಮ ಕೈಲಿದೆ, ಈಗ ನೀವೇ ಹೇಳಿ ಅಂತ ಓದುಗರಿಗೆ ಸವಾಲು ಹಾಕ್ತಾನೆ. 1934ರಲ್ಲಿ ಇಂಗ್ಲೆಂಡಿನ ಪದಬಂಧ ರಚನೆಕಾರ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ‘ಕೇನ್ಸ್ ಜಾಬೋನ್’ ಅನ್ನೋ ಅವನ 100 ಪುಟದ ಕೊಲೆ ಕಥೆಯಲ್ಲಿ ಪುಟಗಳೆಲ್ಲ ಬೇಕಂತಲೇ ಹಿಂದುಮುಂದಾಗಿವೆ. ಸರಿಯಾದ ಕ್ರಮಕ್ಕೆ ಜೋಡಿಸಿ, ಆರು ಕೊಲೆ, ಕೊಂದವರು ಯಾರು ಅಂತ ಹೇಳಬೇಕು. ಆ ಕಾಲದಲ್ಲಿ ಸರಿ ಉತ್ತರ ಕಳಿಸಿದ್ದು ಇಬ್ಬರೇ. 2020ರಲ್ಲಿ ಜಾನ್ ಫಿನ್ನೆಮೋರ್ ಅನ್ನೋ ಹಾಸ್ಯ ಬರಹಗಾರ ಲಾಕ್‌ಡೌನ್‌ನಲ್ಲಿ ಕೂತು ಬಿಡಿಸಿದ. ಮರುವರ್ಷ ಟಿಕ್‌ಟಾಕ್‌ನಲ್ಲಿ ಒಬ್ಬ ಯುವತಿ ತನ್ನ ಕೋಣೆಯ ಗೋಡೆಗೆ ಪುಟಗಳನ್ನೆಲ್ಲ ಅಂಟಿಸಿ ತೋರಿಸಿದ ಮೇಲೆ ಆ ಹಳೇ ಪುಸ್ತಕದ ಪ್ರತಿಗಳು ಅಂಗಡಿಯಲ್ಲಿ ಸಿಗದ ಹಾಗೆ ಖಾಲಿಯಾದವು.

ಕಂಪ್ಯೂಟರಿಗೆ ಬಂದ್ರೆ, ಅಮೆರಿಕದ ಗುಹೆಗಳಲ್ಲಿ ಓಡಾಡುವ ಹವ್ಯಾಸವಿದ್ದ ವಿಲ್ ಕ್ರೌಥರ್ 1970ರ ದಶಕದ ನಡುವೆ ಬರೆದ ಗುಹೆಯ ಆಟದಿಂದ ಬರೀ ಅಕ್ಷರದ ಆಟಗಳು ಶುರುವಾದವು. ನಮ್ಮ ವಿಷಯಕ್ಕೆ ಮುಖ್ಯ ಅದಲ್ಲ, 1982ರ ‘ಡೆಡ್‌ಲೈನ್’. ಇನ್ಫೋಕಾಮ್ ಕಂಪನಿಯದು. ಒಬ್ಬ ಶ್ರೀಮಂತ ಸತ್ತಿದ್ದಾನೆ, ನಿಮಗೆ ಹನ್ನೆರಡು ಗಂಟೆ ಟೈಮು. ಬೇಕಾದ ಮಾಹಿತಿಯೆಲ್ಲ ಅಂದಿನ ಫ್ಲಾಪಿಯಲ್ಲಿ ಹಿಡಿಸಲಿಲ್ಲ. ಹಾಗಾಗಿ ಡಬ್ಬಿಯೊಳಗೆ ಪೊಲೀಸ್ ವಿಚಾರಣೆಯ ಕಾಗದ, ಲ್ಯಾಬ್ ವರದಿ, ಸಾಲದ್ದಕ್ಕೆ ಮಾತ್ರೆಗಳ ಪೊಟ್ಟಣವನ್ನೂ ಇಟ್ಟು ಮಾರಿದರು. ಜಾಗ ಇಲ್ಲದೆ ಮಾಡಿದ ಉಪಾಯವೇ ಜನಕ್ಕೆ ಹಿಡಿಸಿಬಿಡ್ತು.

ನಮ್ಮ ಕಡೆ ಏನಿತ್ತು? ಕಾದಂಬರಿ ಇತ್ತು, ಅದೂ ರಾಶಿ ರಾಶಿ. ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ 1952ರಲ್ಲಿ ಬಂತು. ಅವರು ಓದಿದ್ದು ನಾಲ್ಕನೇ ಕ್ಲಾಸು. ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ, ಇವರೆಲ್ಲ ಅವರ ಪತ್ತೇದಾರರು. 2011ರಲ್ಲಿ ತೀರಿಕೊಂಡರು. ನಿಮ್ಮ ಅಪ್ಪ-ಅಮ್ಮನನ್ನಲ್ಲ, ತಾತನ್ನ ಕೇಳಿ ನೋಡಿ. ಪಠ್ಯಪುಸ್ತಕದ ನಡುವೆ ಇಟ್ಕೊಂಡು ಓದಿದ ಕಥೆ ಹೇಳ್ತಾರೆ. ವಿಮರ್ಶಕರು ಈ ಪುಸ್ತಕಗಳ ಬಗ್ಗೆ ಹೆಚ್ಚು ತಲೆ ಕೆಡಿಸ್ಕೊಳ್ಳಲಿಲ್ಲ. ನನ್ನ ಪ್ರಕಾರ ಅದು ಅನ್ಯಾಯ. ಅಕ್ಷರ ಕಲಿತ ಮೇಲೆ ಓದೋ ಚಟ ಹತ್ತೋದಕ್ಕೆ ಒಂದು ಕಾರಣ ಬೇಕಲ್ಲ, ಆ ಕಾರಣ ಬಹಳ ಜನಕ್ಕೆ ಇವರ ಪುಸ್ತಕ. ಆದ್ರೆ ಒಂದು ವ್ಯತ್ಯಾಸ ಇದೆ. ಕಾದಂಬರಿಯಲ್ಲಿ ತಾಳ್ಮೆ ಕೆಟ್ರೆ ಕೊನೇ ಪುಟ ತಿರುಗಿಸಬಹುದು, ಪುರುಷೋತ್ತಮ ಹೇಳ್ತಾನೆ. ಆಟದಲ್ಲಿ ಪುರುಷೋತ್ತಮ ನೀವೇ. ನಿಮಗೆ ಹೊಳೆಯದಿದ್ರೆ ಕಥೆ ಅಲ್ಲೇ ನಿಂತಿರುತ್ತೆ.

ಓದೋದೇ ಪತ್ತೇದಾರಿ ಆಗಿರುವ ಒಂದು ಕನ್ನಡ ಪುಸ್ತಕ ಇದೆ, ಅದೂ ಬೆಂಗಳೂರಲ್ಲೇ ಮೊದಲು ಅಚ್ಚಾದದ್ದು. ಕುಮುದೇಂದು ಮುನಿಯ ‘ಸಿರಿಭೂವಲಯ’. ಪುಟ ತೆಗೆದ್ರೆ ಅಕ್ಷರ ಇಲ್ಲ. ಉದ್ದಕ್ಕೆ 27 ಮನೆ, ಅಡ್ಡಕ್ಕೆ 27 ಮನೆ, ಒಟ್ಟು 729 ಮನೆಯ ಚೌಕ. ಪ್ರತಿ ಮನೆಯಲ್ಲೂ 1ರಿಂದ 64ರ ಒಳಗಿನ ಒಂದು ಅಂಕಿ. ಒಂದೊಂದು ಅಂಕಿಗೂ ಒಂದೊಂದು ಧ್ವನಿ. ಯಾವ ಮನೆಯಿಂದ ಶುರು ಮಾಡಿ ಯಾವ ದಾರಿಯಲ್ಲಿ ಹೋಗಬೇಕು ಅನ್ನೋದಕ್ಕೆ ‘ಬಂಧ’ ಅಂತ ಹೆಸರು. ಬಂಧ ಗೊತ್ತಿಲ್ಲದವನಿಗೆ ಅದು ಬರೀ ಲೆಕ್ಕದ ಪುಸ್ತಕ, ಗೊತ್ತಿದ್ದವನಿಗೆ ಸಾಂಗತ್ಯದ ಕಾವ್ಯ. ಹಸ್ತಪ್ರತಿ ಪಂಡಿತ ಯಲ್ಲಪ್ಪ ಶಾಸ್ತ್ರಿಗಳ ಹತ್ತಿರ ಇತ್ತು. ಅವರ ಜೊತೆ ಕರ್ಲಮಂಗಲಂ ಶ್ರೀಕಂಠಯ್ಯನವರು ಸೇರಿ ಬಿಡಿಸಿದ ಭಾಗ 1953ರಲ್ಲಿ ಅಚ್ಚಾಯ್ತು. ಇದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಇದರಲ್ಲಿ 718 ಭಾಷೆ ಅಡಗಿದೆ ಅನ್ನೋ ಮಾತೂ ಇದೆ, ಅದನ್ನ ನಾನು ಉಪ್ಪು ಹಾಕ್ಕೊಂಡೇ ಕೇಳ್ತೀನಿ. ನಮಗೆ ಇಲ್ಲಿ ಬೇಕಾದದ್ದು ಇಷ್ಟು: ಓದುಗ ಬಿಡಿಸಿದ ಹೊರತು ಪುಸ್ತಕ ಬಾಯಿ ಬಿಡೋದಿಲ್ಲ ಅನ್ನೋ ಯೋಚನೆ ನಮಗೆ ಹೊಸದಲ್ಲ.

ಸರಿ, ಈಗ ಚೀಟಿಗೆ ಬರೋಣ.

“ರಾತ್ರಿ ಹನ್ನೊಂದು ಗಂಟೆಗೆ ಅತ್ತಿಗೆ ರೂಮಿಗೆ ಹೋದರು.” ಬಹಳಷ್ಟು ಜನ ಇದನ್ನ ಓದಿದ ತಕ್ಷಣ, ಓಹೋ, ಅತ್ತಿಗೆಯೇ ರೂಮಿಗೆ ಹೋದಳು, ಸೊಸೆಯೇ ಕಳ್ಳಿ ಅಂತಾರೆ. ಇನ್ನೊಂದು ಸಲ ಓದಿ. ‘ಅತ್ತಿಗೆಯ ರೂಮಿಗೆ’ ಅನ್ನೋದನ್ನ ನಾವು ಮಾತಲ್ಲಿ ಹೇಗೆ ಹೇಳ್ತೀವಿ? ‘ಅತ್ತಿಗೆ ರೂಮಿಗೆ’. ಆ ‘ಯ’ ನುಂಗಿ ಹಾಕ್ತೀವಿ. ಹಾಗೆ ಓದಿದ್ರೆ, ಯಾರೋ ಅತ್ತಿಗೆಯ ರೂಮಿಗೆ ಹೋದರು ಅಂತ ಆಗುತ್ತೆ. ಯಾರು ಅಂತ ಹೇಳೇ ಇಲ್ಲ. ಕನ್ನಡದಲ್ಲಿ ಹೇಳಲೇಬೇಕು ಅಂತಾನೂ ಇಲ್ಲ, ಕರ್ತೃ ಬಿಟ್ಟು ವಾಕ್ಯ ಮುಗಿಸಬಹುದು. ಇಂಗ್ಲಿಷ್‌ನಲ್ಲಿ ಹೀಗೆ ಬರೆದ್ರೆ ಏನೋ ಮುಚ್ಚಿಡ್ತಿದ್ದಾನೆ ಅಂತ ಆಗಲೇ ಅನುಮಾನ ಬರುತ್ತೆ. ನಮ್ಮಲ್ಲಿ ಅದು ಮಾಮೂಲಿ ಮಾತು.

ಎರಡರಲ್ಲಿ ಯಾವುದು? ಆಟದಲ್ಲಿ ಇನ್ನೊಂದು ಕಾಗದ ಸಿಗುತ್ತೆ. ಸೊಸೆ ರಾತ್ರಿ 10:52ಕ್ಕೆ ಕಳಿಸಿದ ವಾಯ್ಸ್ ನೋಟ್‌ನ ಅಕ್ಷರರೂಪ. “ನಾವಿಬ್ಬರೂ ಕೆಂಗೇರಿಯಲ್ಲೇ ಉಳೀತೀವಿ, ಅಮ್ಮ ಬಿಡ್ತಾ ಇಲ್ಲ,” ಹಿಂದೆ ಅವಳ ಅಮ್ಮನ ದನಿಯೂ ಇದೆ. ಎಂಟು ನಿಮಿಷದಲ್ಲಿ ಕೆಂಗೇರಿಯಿಂದ ರಾಜಾಜಿನಗರಕ್ಕೆ ಬರೋದು ಸಾಧ್ಯವಾ ಅನ್ನೋದನ್ನ ನಾಯಂಡಹಳ್ಳಿ ಜಂಕ್ಷನ್ ಕಂಡೋರಿಗೆ ನಾನು ವಿವರಿಸಬೇಕಿಲ್ಲ. ಸೊಸೆ ಕಳ್ಳಿ ಅಲ್ಲ. ಅವಳ ಗಂಡನೂ ಅಲ್ಲ.

ಚೀಟಿ ಬರೆದವರು ಯಾರು? ‘ಅತ್ತಿಗೆ’ ಅಂದ್ರೆ ಅಣ್ಣನ ಹೆಂಡತಿ. ದೊಡ್ಡ ಮಗಳಿಗೆ ಆಕೆ ತಮ್ಮನ ಹೆಂಡತಿ. ಹೆಸರು ಹಿಡಿದು ಕರೀತಾಳೆ, ಅತ್ತಿಗೆ ಅನ್ನಲ್ಲ. ಹುಬ್ಬಳ್ಳಿಯವರು ಅಷ್ಟು ಸಲುಗೆಯಲ್ಲಿ ಕರೆಯೋದಾಗಿದ್ರೂ ‘ವೈನಿ’ ಅಂತಿದ್ರು. ಅಜ್ಜಿ, ಯಜಮಾನರು ಅತ್ತಿಗೆ ಅನ್ನೋ ಪ್ರಶ್ನೆಯೇ ಇಲ್ಲ. ಉಳಿದವನು ಚಿಕ್ಕ ಮಗ. ಒಂದೇ ಪದ, ಮನೆಯವರನ್ನೆಲ್ಲ ಸಾಲಾಗಿ ಹೊರಗೆ ಕಳಿಸಿಬಿಡ್ತು. ಇಂಗ್ಲಿಷ್‌ನಲ್ಲಿ ಅಣ್ಣನ ಹೆಂಡತಿ, ತಮ್ಮನ ಹೆಂಡತಿ, ಹೆಂಡತಿಯ ತಂಗಿ ಎಲ್ಲರಿಗೂ ಒಂದೇ ಪದ. ‘ದಿ ರೂಟ್‌ಟ್ರೀಸ್ ಆರ್ ಡೆಡ್’ ಅಂತ ಒಂದು ಆಟ ಇದೆ, ಮಿಠಾಯಿ ಕಂಪನಿ ನಡೆಸುವ ಒಂದು ದೊಡ್ಡ ಕುಟುಂಬದ ವಂಶವೃಕ್ಷ ತುಂಬಿಸೋದು. ಅದನ್ನ ಕನ್ನಡಕ್ಕೆ ತಂದ್ರೆ ಸೋದರಮಾವ, ಚಿಕ್ಕಪ್ಪ ಅಂತ ಬರೆದ ತಕ್ಷಣ ಅರ್ಧ ಗುಟ್ಟು ಬಯಲಾಗುತ್ತೆ. ಹಾಗಾಗಿ ಇಂಥದ್ದನ್ನ ಅನುವಾದ ಮಾಡಿ ಪ್ರಯೋಜನ ಇಲ್ಲ, ಹೊಸದಾಗಿ ಕಟ್ಟಬೇಕು.

ಇನ್ನು ‘ಹೋದರು’. ಇದು ನನಗೆ ಬಹಳ ಇಷ್ಟವಾದ ಸುಳಿವು. ‘ಹೋದ’ ಅಂದಿದ್ರೆ ಗಂಡಸು, ‘ಹೋದಳು’ ಅಂದಿದ್ರೆ ಹೆಂಗಸು ಅಂತ ಕ್ರಿಯಾಪದವೇ ಬಾಯಿ ಬಿಡ್ತಿತ್ತು. ಕನ್ನಡದಲ್ಲಿ ಪತ್ತೇದಾರಿ ಬರೆಯೋರಿಗೆ ಇದೊಂದು ತಲೆನೋವು, ಪ್ರತಿ ವಾಕ್ಯದ ಕೊನೆಯಲ್ಲೂ ಕೊಲೆಗಾರನ ಲಿಂಗ ಮುಚ್ಚಿಡಬೇಕು. ತಪ್ಪಿಸ್ಕೊಳ್ಳೋ ದಾರಿ ‘ಹೋದರು’. ಅದು ಬಹುವಚನವೂ ಹೌದು, ಗೌರವವೂ ಹೌದು. ಚಿಕ್ಕ ಮಗನ ಹಳೇ ಚಾಟ್‌ಗಳು ಆಟದಲ್ಲಿ ಮೊದಲೇ ಸಿಕ್ಕಿರುತ್ತವೆ. ಅದರಲ್ಲಿ “ಅಜ್ಜಿ ಮಾತ್ರೆ ತಗೊಂಡಳು”, “ಅಕ್ಕ ಬಂದಳು” ಅಂತಾನೆ. ಬಹಳಷ್ಟು ಮನೆಗಳಲ್ಲಿ ಹೀಗೇ, ಅಜ್ಜಿಗೆ ಪ್ರೀತಿಯ ಏಕವಚನ. ‘ರು’ ಹಚ್ಚೋದು ಅತ್ತಿಗೆಗೆ, ಮೇಲಿನ ಮನೆಯವರಿಗೆ, ಮತ್ತೆ ಅಪ್ಪನಿಗೆ. ಅತ್ತಿಗೆ ಕೆಂಗೇರಿಯಲ್ಲಿ. ಮೇಲಿನ ಮನೆಯವರು ಆ ಮನೆಯೊಳಗೆ ಕತ್ತಲಲ್ಲಿ, ಲೈಟ್ ಹಾಕದೆ, ಎಲ್ಲೂ ಎಡವದೆ ಬೀರು ತನಕ ಹೋಗೋದು ಕಷ್ಟ. ಉಳಿದದ್ದು ಅಪ್ಪ. ಇಸ್ತ್ರಿ ಅಂಗಡಿಯವರು ಯಜಮಾನರ ಶರ್ಟಿನ ಜೇಬಿನಿಂದ ತೆಗೆದು ವಾಪಸ್ ಕೊಟ್ಟ ಗಿರವಿ ಅಂಗಡಿ ಚೀಟಿ ಅದನ್ನ ಪಕ್ಕಾ ಮಾಡುತ್ತೆ. ಸರ ಕಳುವಾಗಿಲ್ಲ, ಅಡ ಇಟ್ಟಿದ್ದಾರೆ. ಅದೇ ತಾರೀಖಿಗೆ ಇನ್ನೊಂದು ರಸೀದಿ ಇದೆ: ಚಿಕ್ಕ ಮಗನ ಕಾಲೇಜು ಫೀಸು. ಅವನಿಗೆ ಅಪ್ಪ ಕಂಡಿದ್ರು, ಹೇಳೋಕೆ ಮನಸ್ಸಾಗಲಿಲ್ಲ, ಸುಮ್ಮನಿರೋಕೂ ಆಗಲಿಲ್ಲ. ಫೀಸಿನ ವಿಷಯ ಮಾತ್ರ ಅವನಿಗೆ ಗೊತ್ತಿಲ್ಲ.

ಇದನ್ನ ನಾನು ವಿಜಯನಗರ, ಬಸವೇಶ್ವರನಗರದ ಗೆಳೆಯರಿಗೆ ಕೊಟ್ಟು ಆಡಿಸಿದೆ. ಅವರು ಎಡವಿದ ಜಾಗ ನೋಡಿ ನನಗೆ ಸ್ವಲ್ಪ ಗಾಬರಿಯಾಯ್ತು. ಕನ್ನಡ ಎಲ್ಲರಿಗೂ ಬರುತ್ತೆ, ಪಟಪಟ ಮಾತಾಡ್ತಾರೆ. ಆದ್ರೆ ಓದು ಅಂದ್ರೆ ಸಿನಿಮಾ ಪೋಸ್ಟರ್, ಮೆಟ್ರೋ ಬೋರ್ಡ್, ಮೀಮ್‌ನ ಒಂದು ಸಾಲು. ನನ್ನ ಚಿಕ್ಕಪ್ಪನ ಮಗ ಒಬ್ಬ, ಶಾಲೆಯಲ್ಲಿ ಕನ್ನಡ ಅವನಿಗೆ ಪಾಸಾದ್ರೆ ಸಾಕು ಅನ್ನೋ ಸಬ್ಜೆಕ್ಟು. ಅವನು ಚೀಟಿಯನ್ನ ಬೆರಳಿಟ್ಟು ಓದಿದ. ‘ಹೋದರು’ ಅಂದ್ರೆ ಇಬ್ಬರು ಮೂವರು ಹೋಗಿರಬೇಕು ಅಂದ. ಮಾತಲ್ಲಿ ದಿನಾ ‘ಅಪ್ಪ ಬಂದ್ರು’ ಅನ್ನೋ ಹುಡುಗನೇ. ಕಣ್ಣಿಗೆ ಬಿದ್ದಾಗ ಮಾತ್ರ ಅದು ಪರಭಾಷೆ. ಜೋರಾಗಿ ಓದು ಅಂದೆ. ಓದಿದ. ಎರಡನೇ ಸಲ ಓದುವಾಗ ಅರ್ಧದಲ್ಲೇ ನಿಂತು, “ಲೋ, ಇದು ಅವರಪ್ಪ ಕಣೋ!” ಅಂದ. ಕನ್ನಡದ ಐದು ಸಾಲನ್ನ ಅವನು ಪರೀಕ್ಷೆಗಲ್ಲದೆ ನಾಲ್ಕು ಸಲ ಓದಿದ್ದು ಅದೇ ಮೊದಲು, ಅದನ್ನ ಅವನೇ ಹೇಳಿದ್ದು.

ಇಲ್ಲಿ ಒಂದು ಅಡ್ಡಮಾತು. ಸಾಲು ಸಾಲಾಗಿ ಅನುಮಾನಪಟ್ಟು ಓದೋ ಅಭ್ಯಾಸ ಆಟದಾಚೆಗೂ ಬೇಕು. ಪೊಲೀಸರ ಹೆಸರಲ್ಲಿ, ಕೋರ್ಟಿನ ಹೆಸರಲ್ಲಿ ವಾಟ್ಸಾಪ್‌ಗೆ ಬರೋ ಮೆಸೇಜ್ ನೋಡಿದೀರಲ್ಲ. ‘ಡಿಜಿಟಲ್ ಅರೆಸ್ಟ್’ ಅನ್ನೋದು ನಮ್ಮ ಕಾನೂನಿನಲ್ಲೇ ಇಲ್ಲ, ಆದ್ರೂ ಹೆದರಿ ಹಣ ಕಳಿಸಿದವರು ಎಷ್ಟೋ ಜನ. ಅಂಥ ಮೆಸೇಜನ್ನ ಅಜ್ಜಿಯ ಸರದ ಚೀಟಿಯ ಹಾಗೆ ನಿಧಾನಕ್ಕೆ ಓದಿ: ಯಾರು ಬರೆದದ್ದು, ಯಾವ ಊರ ಮಾತು, ಯಾಕೆ ಇಷ್ಟು ಅವಸರ?

ಇಷ್ಟೆಲ್ಲ ಒಗ್ಗುವ ಭಾಷೆಯಲ್ಲಿ ಇಂಥ ಆಟಗಳು ಕೈಗೆ ಸಿಗೋದು ಯಾಕೆ ಅಪರೂಪ? ಮಾರುಕಟ್ಟೆಯ ಕಾರಣ ಎಲ್ಲರಿಗೂ ಗೊತ್ತಿರೋದೇ, ಬಿಡಿ. ತಾಂತ್ರಿಕ ಕಾರಣ ಹೇಳ್ತೀನಿ. ಹಳೇ ಅಕ್ಷರದ ಆಟಗಳಲ್ಲಿ ನೀವು ಆಜ್ಞೆ ಟೈಪ್ ಮಾಡಬೇಕು. ಇಂಗ್ಲಿಷ್‌ನಲ್ಲಿ ಕ್ರಿಯಾಪದ ಮೊದಲು, ವಸ್ತು ಆಮೇಲೆ, ಪದದ ರೂಪ ಬದಲಾಗಲ್ಲ. ನಮ್ಮಲ್ಲಿ ಒಬ್ಬ ‘ಬಾಗಿಲು ತೆರೆ’ ಅಂತಾನೆ, ಒಬ್ಬ ‘ಬಾಗಿಲನ್ನು ತೆಗೆ’, ಧಾರವಾಡದವಳು ‘ಬಾಗಲಾ ತಗಿ’, ಅರ್ಧ ಜನ ಇಂಗ್ಲಿಷ್ ಅಕ್ಷರದಲ್ಲಿ ‘ಬಾಗ್ಲು ಓಪನ್ ಮಾಡು’ ಅಂತ ಹೊಡೀತಾರೆ. ಇಷ್ಟನ್ನೂ ಅರ್ಥ ಮಾಡ್ಕೊಳ್ಳೋ ಪ್ರೋಗ್ರಾಂ ಬರೆಯೋದು ಚಿಕ್ಕ ಕೆಲಸ ಅಲ್ಲ.

‘ಹರ್ ಸ್ಟೋರಿ’ ಥರ ಪದ ಹುಡುಕೋ ಆಟಕ್ಕೂ ಇದೇ ಪಾಡು. ‘ಸರ’ ಅಂತ ಹುಡುಕಿದ್ರೆ ‘ಸರವನ್ನು’, ‘ಸರದ’, ‘ಸರಕ್ಕೆ’ ಎಲ್ಲ ಸಿಗಬೇಕಲ್ಲ? ಹಾಗಾದ್ರೆ ‘ಸರ’ದಿಂದ ಶುರುವಾಗೋದನ್ನೆಲ್ಲ ಕೊಡು ಅಂತ ಕಂಪ್ಯೂಟರಿಗೆ ಹೇಳಿ ನೋಡಿ. ‘ಸರಳ’, ‘ಸರಕಾರ’ ಬರುತ್ತೆ, ತಮಾಷೆ ಅಂದ್ರೆ ‘ಸರಿ’ ಕೂಡ ಬರುತ್ತೆ. ಯೂನಿಕೋಡ್‌ನಲ್ಲಿ ‘ರಿ’ ಅನ್ನೋದು ‘ರ’ ಅಕ್ಷರ, ಅದರ ಮುಂದೆ ಗುಡಿಸಿನ ಗುರುತು, ಹೀಗೆ ಎರಡು ತುಂಡಾಗಿ ಇರುತ್ತೆ. ನಮ್ಮ ಕಣ್ಣಿಗೆ ಒಂದು ಅಕ್ಷರ, ಯಂತ್ರಕ್ಕೆ ಎರಡು. ನಾವು ಮಾತಿಗೆ ಮುಂಚೆ ‘ಸರಿ ಸರಿ’ ಅನ್ನೋ ಜನ, ಫಲಿತಾಂಶ ಪೂರ್ತಿ ಅದೇ ತುಂಬಿಕೊಳ್ಳುತ್ತೆ.

ಮೂರನೇದು ಒತ್ತಕ್ಷರ. ಗೇಮ್ ಮಾಡೋಕೆ ಬಹಳ ಜನ ಬಳಸುವ ಯೂನಿಟಿಯಲ್ಲಿ ಅಕ್ಷರ ತೋರಿಸೋ ಮಾಮೂಲಿ ಸಲಕರಣೆಗೆ ಒತ್ತು ಕೂರಿಸೋದು ಬರಲ್ಲ. ‘ಅಜ್ಜಿ’ ಹೋಗಿ ‘ಅಜ್‌ಜಿ’ ಆಗುತ್ತೆ, ‘ಕನ್ನಡ’ವೇ ‘ಕನ್‌ನಡ’ ಆಗುತ್ತೆ. ಅದನ್ನ ಸರಿಮಾಡೋ ದಾರಿಗಳಿವೆ, ಆದ್ರೆ ಒಬ್ಬಂಟಿಯಾಗಿ ರಾತ್ರಿ ಕೂತು ಗೇಮ್ ಮಾಡೋ ಹುಡುಗ-ಹುಡುಗಿಯರು ಅಲ್ಲೇ ಕೈಚೆಲ್ಲಿ ಇಂಗ್ಲಿಷಿಗೆ ಹೋಗಿಬಿಡ್ತಾರೆ.

ಬ್ರೌಸರಿನಲ್ಲಿ ಈ ಕಾಟ ಇಲ್ಲ. ಈ ಪುಟದಲ್ಲಿ ಒತ್ತುಗಳು ಸರಿಯಾಗಿ ಕೂತಿವೆ ತಾನೇ? ಕ್ರೋಮ್, ಫೈರ್‌ಫಾಕ್ಸ್ ಒಳಗೆ ಆ ಕೆಲಸಕ್ಕೆ ಅಂತಲೇ ಒಂದು ತಂತ್ರಾಂಶ ಇದೆ. ಹಾಗಾಗಿ ಶುರು ಮಾಡೋರಿಗೆ ನಾನು ಹೇಳೋದು ಟ್ವೈನ್. ಕ್ರಿಸ್ ಕ್ಲಿಮಾಸ್ 2009ರಲ್ಲಿ ಬಿಟ್ಟದ್ದು, ಪೂರ್ತಿ ಉಚಿತ, ಕೋಡಿಂಗ್ ಬರಬೇಕಿಲ್ಲ. ಒಂದೊಂದು ಕಾಗದಕ್ಕೆ ಒಂದೊಂದು ಡಬ್ಬಿ ಮಾಡಿ, ಕನ್ನಡದಲ್ಲೇ ಟೈಪ್ ಮಾಡಿ. ಯಾವ ಪದ ಒತ್ತಿದ್ರೆ ಮುಂದೆ ಹೋಗಬೇಕೋ ಅದರ ಎರಡೂ ಕಡೆ ಜೋಡಿ ಚೌಕ ಆವರಣ ಹಾಕಿ, ಕೊಂಡಿ ತಾನಾಗೇ ಆಗುತ್ತೆ. ಟೈಪ್ ಮಾಡಿಸೋ ಗೋಜೇ ಇಲ್ಲ, ಒತ್ತಿದ್ರೆ ಸಾಕು, ‘ಬಾಗಲಾ ತಗಿ’ ಸಮಸ್ಯೆಯೂ ಇಲ್ಲ. ಮುಗಿದ ಮೇಲೆ ಸಿಗೋದು ಒಂದೇ ಫೈಲು, ಫೋನಿನ ಬ್ರೌಸರಿನಲ್ಲಿ ತೆರೆಯುತ್ತೆ, ವಾಟ್ಸಾಪ್‌ನಲ್ಲೇ ಕಳಿಸಬಹುದು.

ಅಳತೆ ಬಗ್ಗೆ ಒಂದು ಮಾತು. ಕೆಂಗೇರಿಯಲ್ಲಿ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿಯೋಕೆ ಅರ್ಧ ಗಂಟೆ ಹತ್ತಿರ ಆಗುತ್ತೆ. ಅಷ್ಟರಲ್ಲಿ ಬಿಡಿಸಬಹುದಾದ ಕೇಸು ಕಟ್ಟಿ: ಏಳೆಂಟು ಕಾಗದ, ಐದಾರು ಜನ, ಒಂದು ಸುಳ್ಳು. ಉತ್ತರ ಮೊದಲು ಬರೆದುಕೊಳ್ಳಿ, ಸುಳಿವು ಆಮೇಲೆ. ಪ್ರತಿಯೊಬ್ಬ ಪಾತ್ರವೂ ಇನ್ನೊಬ್ಬರನ್ನ ಏನಂತ ಕರೀತಾರೆ, ಯಾರಿಗೆ ಏಕವಚನ, ಯಾರಿಗೆ ‘ರು’ ಅಂತ ಒಂದು ಹಾಳೆಯಲ್ಲಿ ಪಟ್ಟಿ ಮಾಡಿಟ್ಕೊಳ್ಳಿ. ಆಮೇಲೆ ನಿಮ್ಮ ಅಮ್ಮನ ಕೈಗೆ ಫೋನ್ ಕೊಟ್ಟು ಆಡಿಸಿ. ನನ್ನ ಕೇಸನ್ನ ನಮ್ಮಮ್ಮ ವಾಯ್ಸ್ ನೋಟ್ ತನಕ ಕೂಡ ಹೋಗಲಿಲ್ಲ. ಚೀಟಿ ಓದಿ ಮುಗಿಸಿದವರೇ, “ಅಪ್ಪನ್ನ ಬಿಟ್ಕೊಡೋಕೆ ಆಗ್ತಿಲ್ಲ ಪಾಪ ಆ ಹುಡುಗನಿಗೆ,” ಅಂದು ಒಲೆ ಹತ್ತಿರ ಹೋದರು.